ಕರ್ಪೂರ ಆರಿಸಿದವರು

ಆ ಮಂಗಳವಾರ ಬೆಳಿಗ್ಗೆಯೂ ನಾನು ನರಸಿಂಹಮೂರ್ತಿಯವರ ಹಲ್ಲುಸೆಟ್ಟು ತೊಳೆದೆ. ಗಾಜಿನ ಲೋಟದ ನೀರು ಚೆಲ್ಲಿ, ಸಣ್ಣ ಬ್ರಶ್ಶಿನಿಂದ ಒಳಗೂ ಹೊರಗೂ ಉಜ್ಜಿ, ನಲ್ಲಿಯ ಕೆಳಗೆ ಹಿಡಿದು, ಬಿಳಿ ಬಟ್ಟೆಯ ಮೇಲೆ ಇಟ್ಟುಕೊಂಡು ಬಾಲ್ಕನಿಗೆ ಹೋದೆ. ಅವರು ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ನನ್ನ ಕಡೆ ತಿರುಗದೆ ಕೈ ಚಾಚಿದರು. ಕೊಟ್ಟೆ. ಅವರ ಎದುರಿಗೆ ನಾನು ಬಾಯಿ ಬಿಡುತ್ತಲೇ ಇರಲಿಲ್ಲ. ಹಲ್ಲಿಲ್ಲದಾಗ ಆ ಬಾಯಿ ಎಳೆ ಮಗುವಿನ ಬಾಯಿಯಂತೆ ಒಳಕ್ಕೆ ಸರಿದಿರುತ್ತಿತ್ತು. ಆ ಬಾಯಿಯಿಂದ ಒಂದೇ ಒಂದು ಮಾತು ಹೊರಡಿಸಬೇಕೆಂದು ನಾನು ಎರಡು ರಾತ್ರಿ ರೈಲಿನಲ್ಲಿ ಕೂತು ಕಲ್ಕತ್ತೆಗೆ ಬಂದಿದ್ದೆ. ಬಂದು ನಾಲ್ಕು ತಿಂಗಳಾಗಿತ್ತು.

ಕಸ್ಬಾದ ಏಳನೇ ಮಹಡಿಯ ಆ ಫ್ಲ್ಯಾಟು ಅವರ ಮಗಳು ಕೋಕಿಲಾ ಮತ್ತು ಅಳಿಯ ಭರತೇಶರದು. ಇಬ್ಬರಿಗೂ ಕಂಪನಿ ಕೆಲಸ. ಅವರ ಮಗು ಪೂರ್ವಿಗೆ ನಾಲ್ಕು ವರ್ಷ. ಅದು ಹಿಂದಿ, ಬಂಗಾಳಿ ಕಲಿತು ಕನ್ನಡ ಮರೆಯುತ್ತಿದೆ, ನೋಡಿಕೊಳ್ಳಲು ಕನ್ನಡದ ಹುಡುಗಿಯೇ ಬೇಕು ಎಂದು ಕೋಕಿಲಕ್ಕ ಹಟ ಹಿಡಿದಿದ್ದರಂತೆ. ನಿವೃತ್ತರಾಗಿ ಮಗಳ ಮನೆ ಸೇರಿದ್ದ ಮೂರ್ತಿಯವರು, ತಾವು ಹಿಂದೆ ಅರಣ್ಯ ಇಲಾಖೆಯ ಸಾಹೇಬರಾಗಿದ್ದ ನಮ್ಮ ಬೆಟ್ಟದ ಕಡೆಯ ಒಬ್ಬ ಹಳೆಯ ವಾಚರ್‌ಗೆ ಫೋನು ಮಾಡಿದರು. ವಾಚರ್ ಊರೂರು ಕೇಳುತ್ತ ನಮ್ಮ ಮನೆಗೂ ಬಂದ. ಯಾರ ಮನೆಗೆ ಎಂದು ಅವ್ವ ಕೇಳಿದಳು. ಅವನು ಹೆಸರು ಹೇಳಿದ್ದೇ ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಿತ್ತಿಲಿನಿಂದ ಓಡಿ ಅವನನ್ನು ದಾರಿಯಲ್ಲಿ ನಿಲ್ಲಿಸಿದೆ.

"ನಾ ಬತ್ತಿನಿ."

ಅವನು ನನ್ನನ್ನು ಬಹಳ ಹೊತ್ತು ನೋಡಿದ. ಬೆಟ್ಟಕ್ಕೆ ಬೆಂಕಿ ಬಿದ್ದ ದಿನ ಅವನೂ ಅಲ್ಲಿದ್ದ.

"ನೀನ್ಯಾರ ಮಗಳು ಅಂತ ಸಾಹೇಬ್ರಿಗೆ ನಾ ಏಳಕಿಲ್ಲ ಕನವ್ವ" ಎಂದ. ಅಷ್ಟೇ ಹೇಳಿದ.

ನಮ್ಮೂರು ಕೆಂಜಿಮಾಳ. ಇಪ್ಪತ್ತೆಂಟು ಮನೆ. ಬಸ್ಸು ಹತ್ತಬೇಕಾದರೆ ಹನ್ನೊಂದು ಮೈಲಿ ಇಳಿಯಬೇಕು. ಮಳೆಯಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದೆವು. ಉಳಿದ ಬದುಕೆಲ್ಲ ದನದ್ದು. ಬೆಟ್ಟದ ಮೇಲೆ ಹುಲ್ಲು ಇರುವ ಕಡೆ ಮುಳ್ಳಿನ ಬೇಲಿ ಹಾಕಿ ದನ ಕೂಡುವ ಜಾಗಕ್ಕೆ ದೊಡ್ಡಿ ಎನ್ನುತ್ತೇವೆ. ಬೇಸಿಗೆಯಲ್ಲಿ ಗಂಡಸರು ಅಲ್ಲಿಯೇ ಮಲಗುತ್ತಿದ್ದರು.

ನನಗೆ ಆಗ ಒಂಬತ್ತು ವರ್ಷ. ತಪ್ಪಿಸಿಕೊಂಡ ಒಂದು ಕರುವಿನ ಹಿಂದೆ ಹೋಗಿ ಬಂಡೆ ಹತ್ತಿದ್ದೆ. ಕೆಳಗೆ ಜೀಪು ನಿಂತಿತ್ತು. ಕಾಡಿಗೆ ಬೆಂಕಿ ಹರಡಬಾರದೆಂದು ಇಲಾಖೆಯವರು ಮೊದಲೇ ಒಂದು ಪಟ್ಟೆ ಹುಲ್ಲನ್ನು ತಾವೇ ಸುಡುತ್ತಾರೆ. ಅದನ್ನು ಗಾಳಿ ಏಳುವ ಮೊದಲು, ನಸುಕಿನಲ್ಲಿ ಮುಗಿಸಬೇಕು. ಮೂರ್ತಿಯವರು ಮಟಮಟ ಮಧ್ಯಾಹ್ನ ಹಚ್ಚಿಸಿದರು. ತಾವು ಛತ್ರಿ ಹಿಡಿದು ನಿಂತಿದ್ದರು. ಗಾಳಿ ತಿರುಗಿದ್ದೇ ಛತ್ರಿ ಮಡಚಿ ಜೀಪು ಹತ್ತಿದರು. ಬೆಟ್ಟ ಮೂರು ದಿನ ಉರಿಯಿತು. ನಮ್ಮ ದೊಡ್ಡಿಯಲ್ಲಿ ಕಟ್ಟಿದ್ದ ಹನ್ನೊಂದು ಕರು ಕಟ್ಟಿದಲ್ಲೇ ಬೆಂದವು.

ನಾಲ್ಕನೆಯ ದಿನ ಅವರೇ ಊರಿಗೆ ಬಂದರು. ಹೊಸದಾಗಿ ದೊಡ್ಡಿ ಕಟ್ಟಲು ಅನುಮತಿ ಕೊಡುತ್ತೇನೆಂದು ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊಸ ಹುಲ್ಲು ಚಿಗುರಲೆಂದು ಬೆಂಕಿ ಇಟ್ಟವನು ನಾನೇ ಎಂದು ಆ ಕಾಗದದಲ್ಲಿ ಬರೆದಿತ್ತು. ಅಪ್ಪ ಒಂದೂವರೆ ವರ್ಷ ಜೈಲಿನಲ್ಲಿದ್ದ. ದೊಡ್ಡಿಗಳನ್ನೆಲ್ಲ ಕಿತ್ತುಹಾಕಿದರು. ಮೇಯಲು ಜಾಗವಿಲ್ಲದೆ ಊರಿನ ದನ ಲಾರಿ ಹತ್ತಿ ಇಳಿದುಹೋದವು. ನಾನು ಐದನೆಯ ತರಗತಿ ಬಿಟ್ಟು ಅವ್ವನ ಜೊತೆ ಕೂಲಿಗೆ ಹೊರಟೆ.

ಹೆಬ್ಬೆಟ್ಟು ಅಪ್ಪನದಾದ್ದರಿಂದ ಊರಿನವರು ಅಪ್ಪನನ್ನೇ ದೂರಿದರು. ಮೊದಲೆಲ್ಲ ಹಬ್ಬದ ದಿನ ನಮ್ಮ ಒಲೆಯಿಂದ ಕೆಂಡ ಒಯ್ದು ಬೇರೆಯವರು ಒಲೆ ಹಚ್ಚುತ್ತಿದ್ದರು. ಅಪ್ಪ ಜೈಲಿನಿಂದ ಬಂದ ವರ್ಷ ಯಾರೂ ಬರಲಿಲ್ಲ. ಅಪ್ಪ ಕೆಂಡದ ಮೇಲೆ ಬೂದಿ ಮುಚ್ಚಿ, ಬಾಗಿಲಲ್ಲಿ ಕೂತು ಕಾದ. ಮುಂದಿನ ವರ್ಷವೂ ಕಾದ. ಮೂರನೆಯ ವರ್ಷ ಕಾಯಲು ಅವನು ಇರಲಿಲ್ಲ.

ಮೂರ್ತಿಯವರ ರಕ್ತದೊತ್ತಡದ ಮಾತ್ರೆಯ ಡಬ್ಬ ನನ್ನ ಕೈಯಲ್ಲೇ ಇತ್ತು. ಬೆಳಿಗ್ಗೆ ಒಂದು, ಸಂಜೆ ಅರ್ಧ. ಒಂದು ದಿನವೂ ತಪ್ಪಿಸಲಿಲ್ಲ. ಅವರು ಸುಮ್ಮನೆ ಸತ್ತುಹೋಗುವುದು ನನಗೆ ಬೇಕಿರಲಿಲ್ಲ. ಅಪ್ಪನೆಂದರೆ ದೇವರು ಎನ್ನುವ ಮಗಳ ಎದುರಿಗೆ, ಬೆಂಕಿ ಹಚ್ಚಿಸಿದ್ದು ನಾನೇ ಎಂದು ಅವರ ಬಾಯಿಂದಲೇ ಬರಬೇಕಿತ್ತು. ಆಮೇಲೆ ಮಗಳ ಮುಖವನ್ನು ಅವರು ನೋಡಬೇಕಿತ್ತು. ಅವರು ನೋಡುವುದನ್ನು ನಾನು ನೋಡಬೇಕಿತ್ತು.

ಪೂರ್ವಿಯ ಮೇಲೆ ಆಸೆ ಇಟ್ಟುಕೊಳ್ಳಬಾರದೆಂದು ಬರುವಾಗಲೇ ಅಂದುಕೊಂಡಿದ್ದೆ. ಆದರೆ ಅದು ನನ್ನ ಜಡೆಯನ್ನು ಮುಷ್ಟಿಯಲ್ಲಿ ಹಿಡಿಯದೆ ನಿದ್ದೆ ಮಾಡುತ್ತಿರಲಿಲ್ಲ. ಕರುವನ್ನು ಕರೆಯುವ ಹಾಗೆ ನಾಲಗೆ ಲೊಚಗುಟ್ಟುವುದನ್ನು ಕಲಿಸಿದ್ದೆ. ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ ಅದು ಹಾಗೆಯೇ ಕರೆಯುತ್ತಿತ್ತು.

ಹಿಂದಿನ ಶುಕ್ರವಾರ ಭರತೇಶಣ್ಣನ ಜೊತೆ ಕೆಲಸ ಮಾಡುವ ಪವನ ಎಂಬವರು ಊಟಕ್ಕೆ ಬಂದಿದ್ದರು. ಬೆಂಗಳೂರಿನವರು.

"ಅಂಕಲ್, ಅಷ್ಟು ವರ್ಷ ಕಾಡಲ್ಲಿದ್ರಲ್ಲ, ಹುಲಿ ಎದುರಾಗಿತ್ತಾ?" ಎಂದು ಪವನ ಕೇಳಿದರು.

"ಹುಲಿ ಪಾಪದ್ದು ಕಣಯ್ಯ. ಈ ದನ ಕಾಯೋರಿದಾರಲ್ಲ, ಅವರು ಡೇಂಜರ್" ಎಂದರು ಮೂರ್ತಿಯವರು. "ಹೊಸ ಹುಲ್ಲು ಬರ್ಲಿ ಅಂತ ಇಡೀ ಬೆಟ್ಟಕ್ಕೆ ಬೆಂಕಿ ಇಟ್ಬಿಟ್ರು. ಒಬ್ಬನ್ನ ಹಿಡಿದು ಒಳಗೆ ಹಾಕಿಸ್ದೆ ನೋಡು, ಇಡೀ ಏರಿಯಾ ತೆಪ್ಪಗಾಯ್ತು."

"ಸಿನಿಮಾ ಮಾಡಬಹುದು ಅಂಕಲ್!"

"ಹೀರೋ ನೀನೇ ಆಗಪ್ಪ. ನಂಗೆ ಡೈಲಾಗ್ ಹೊಡಿಯೋಕೆ ಹಲ್ಲಿಲ್ಲ."

ಎಲ್ಲರೂ ನಕ್ಕರು. "ಈ ಕಥೆ ನಾನು ಐವತ್ತು ಸಲ ಕೇಳಿದೀನಿ" ಎಂದು ಕೋಕಿಲಕ್ಕ ಅಪ್ಪನ ತೋಳು ಹಿಡಿದುಕೊಂಡರು. ನಾನು ಪವನರ ತಟ್ಟೆಗೆ ಸಾರು ಬಡಿಸುತ್ತಿದ್ದೆ. ಒಂದು ಹನಿಯೂ ಹೊರಗೆ ಬೀಳಲಿಲ್ಲ. ಇನ್ನು ತಡ ಮಾಡಬಾರದು ಎಂದು ಅಲ್ಲಿಯೇ ತೀರ್ಮಾನಿಸಿದೆ.

ನಮ್ಮ ದೊಡ್ಡಿಯಲ್ಲಿ ಹಸು, ಗಂಟೆ, ಹಗ್ಗ ಏನೇ ಕಳುವಾದರೂ ಪೊಲೀಸರ ಹತ್ತಿರ ಹೋಗುತ್ತಿರಲಿಲ್ಲ. ದೊಡ್ಡಿಯ ಬಾಯಲ್ಲಿದ್ದ ಕಲ್ಲಿನ ಮೇಲೆ ಕರ್ಪೂರ ಹಚ್ಚುತ್ತಿದ್ದರು. ಕೇಳುವವರು ಉಪವಾಸವಿದ್ದು ಕೇಳಬೇಕು. ಯಾರ ಮೇಲೆ ಅನುಮಾನವೋ ಅವನು ಕರ್ಪೂರವನ್ನು ಆರಿಸಿ, ನಾನಲ್ಲ ಎನ್ನಬೇಕು. ಸುಳ್ಳಿಗೆ ಆರಿಸಿದರೆ ಮೂರು ಅಮಾವಾಸ್ಯೆ ಕಳೆಯುವುದರೊಳಗೆ ಆರಿಸಿದವರನ್ನೇ ಆ ಆಣೆ ಬಲಿ ತೆಗೆದುಕೊಳ್ಳುತ್ತದೆ. ಸುಳ್ಳು ಹೇಳಿದವನೇ ಅದನ್ನು ಸುಳ್ಳೆಂದು ಬಾಯಿಬಿಟ್ಟರೆ ಮಾತ್ರ ಆಣೆ ಇಳಿಯುತ್ತದೆ. ಹಾಗಾಗಿ ಕರ್ಪೂರ ಆರುವವರೆಗೆ ಹೋಗುವುದೇ ಅಪರೂಪ. ಕೈ ಮುಂದಕ್ಕೆ ಬರುತ್ತದೆ, ಅರ್ಧದಲ್ಲಿ ನಿಲ್ಲುತ್ತದೆ, ನಿಂತ ಮೇಲೆ ನಿಜ ಹೊರಗೆ ಬರುತ್ತದೆ. ನಾನು ನಾಲ್ಕು ಸಲ ನೋಡಿದ್ದೇನೆ. ನಾಲ್ಕು ಸಲವೂ ಕೈ ನಿಂತಿತ್ತು. ಇವರ ಕೈಯೂ ನಿಲ್ಲುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಮಂಗಳವಾರ ಕೋಕಿಲಕ್ಕ ರಜೆ ಹಾಕಿದ್ದರು. ಅಪ್ಪನನ್ನೂ ಮಗಳನ್ನೂ ಕಾಳಿಘಾಟಿನ ಗುಡಿಗೆ ಕರೆದುಕೊಂಡು ಹೋಗುವುದೆಂದು ಮೊದಲೇ ಮಾತಾಗಿತ್ತು. ಮಗುವನ್ನು ಎತ್ತಿಕೊಳ್ಳಲು ನಾನೂ ಹೊರಟೆ. ಬೆಳಿಗ್ಗೆಯಿಂದ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಿರಲಿಲ್ಲ. ಸೆರಗಿನ ತುದಿಯಲ್ಲಿ ಗರಿಯಾಹಾಟಿನ ಬಜಾರಿನಲ್ಲಿ ಕೊಂಡ ಕರ್ಪೂರ, ಬೆಂಕಿಪೊಟ್ಟಣ ಇದ್ದವು.

ಪೇಡೆ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು, ಪೂಜಾರಿ ಪಾಂಡಾನ ಹಿಂದೆ ತಳ್ಳಿಸಿಕೊಳ್ಳುತ್ತ ದರ್ಶನ ಮುಗಿಸಿ ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಮೂರ್ತಿಯವರಿಗೆ ಸುಸ್ತಾಗಿ ಅಂಗಡಿಯ ಬೆಂಚಿನ ಮೇಲೆ ಕೂತರು. ಅವರ ಕೊರಳಲ್ಲಿ ದಾಸವಾಳದ ಹಾರ ಇತ್ತು. ಕೋಕಿಲಕ್ಕ ಭಾಂಡ್ ಎನ್ನುವ ಮಣ್ಣಿನ ಲೋಟಗಳಲ್ಲಿ ಚಹಾ ತರಿಸಿದರು. ಪೂರ್ವಿ ತಾತನ ಪಕ್ಕ ನಿಂತು ಪೇಡೆ ತಿನ್ನುತ್ತಿತ್ತು.

ನಾನು ಅವರು ಕುಡಿದಿಟ್ಟ ಭಾಂಡನ್ನು ಅವರ ಮುಂದೆ ನೆಲದ ಮೇಲೆ ಬೋರಲು ಹಾಕಿದೆ. ಅದರ ತಳದ ಮೇಲೆ ಕರ್ಪೂರ ಇಟ್ಟು ಹಚ್ಚಿದೆ.

"ಬುದ್ಧಿ" ಎಂದೆ. "ಕೆಂಜಿಮಾಳದ ಬೆಟ್ಟಕ್ಕೆ ಬೆಂಕಿ ಇಕ್ಸಿದ್ಯಾರು?"

"ಅರೆ! ಇವಳಿಗೆ ಬಾಯಿದೆ ಕಣೇ ಕೋಕಿಲಾ" ಎಂದು ಅವರು ನಕ್ಕರು. "ಮೂಗಿ ಅನ್ಕೊಂಡಿದ್ದೆ."

"ನೀವೇ ಇಕ್ಸುದ್ದು ಬುದ್ಧಿ. ಅಲ್ಲ ಅನ್ನದಾದ್ರೆ ಇದ್ನ ಆರ್ಸಿ, ನಾನಲ್ಲ ಅನ್ನಿ. ಅಷ್ಟೇಯ. ಬ್ಯಾರೆ ಏನೂ ಕೇಳಕಿಲ್ಲ."

ನಗು ನಿಂತಿತು. "ನೀನು ಯಾರ ಮಗಳು?"

"ಕೇತಪ್ಪನ ಮಗಳು. ನೀವು ಒಳಕ್ ಆಕ್ಸಿದ್ರಲ್ಲ, ಅವನ ಮಗಳು. ಬಂಡೆ ಮ್ಯಾಲೆ ಕುಂತಿದ್ದೆ. ನೀವು ಛತ್ರಿ ಇಡ್ಕಂಡು ನಿಂತಿದ್ರಿ."

"ಮಾದೇವಿ, ತಲೆ ಕೆಟ್ಟಿದೆಯಾ ನಿಂಗೆ?" ಕೋಕಿಲಕ್ಕ ಎದ್ದು ನಿಂತರು. "ಅಪ್ಪಾ, ಏಳಿ, ಕ್ಯಾಬ್ ಬುಕ್ ಮಾಡ್ತೀನಿ." ಮೂರ್ತಿಯವರು ಏಳಲಿಲ್ಲ. ಕೋಕಿಲಕ್ಕ ಫೋನಿನಿಂದ ತಲೆ ಎತ್ತಿದರು. "ಅಪ್ಪಾ? ಏನು ಹೇಳ್ತಿದಾಳೆ ಇವಳು?"

ಮೂರ್ತಿಯವರು ಕೈ ಮುಂದೆ ಮಾಡಿದರು. ಉರಿಯ ಕಡೆ ಬಂದ ಕೈ ಅರ್ಧದಲ್ಲಿ ನಿಂತಿತು. ಕೆಳತುಟಿ ಸಡಿಲವಾಗಿ ಹಲ್ಲುಸೆಟ್ಟು ಸ್ವಲ್ಪ ಜಾರಿತು. ನಮ್ಮ ದೊಡ್ಡಿಯಲ್ಲಿ ಕಂಡದ್ದೂ ಹೀಗೆಯೇ. ಬಂತು, ಈಗ ಬಂತು ಎಂದುಕೊಂಡೆ. ಹನ್ನೊಂದು ವರ್ಷದಲ್ಲಿ ಅಷ್ಟು ಸಂತೋಷ ನನಗೆ ಆಗಿರಲಿಲ್ಲ.

ಕೈ ಉರಿಯನ್ನು ಬಿಟ್ಟು ಪಕ್ಕಕ್ಕೆ ಹೋಯಿತು. ಪೂರ್ವಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ನೆತ್ತಿಯ ಮೇಲೆ ಕೂತಿತು.

"ನನ್ನ ಮೊಮ್ಮಗಳ ತಲೆ ಮುಟ್ಟಿ ಹೇಳ್ತೀನಿ ಕೋಕಿಲಾ..."

"ಮಗ ಬ್ಯಾಡಿ ಬುದ್ಧಿ! ಮಗಿನ ಬುಟ್ಬುಡಿ!" ಎಂದು ನಾನು ಕೂಗಿದೆ.

ಅವರು ನನ್ನ ಮುಖ ನೋಡಿದರು. ನನ್ನ ಭಯ ಅವರಿಗೆ ಕಂಡಿತು. ಆಮೇಲೆ ಅಂಗೈಯನ್ನು ಮಗುವಿನ ನೆತ್ತಿಯ ಮೇಲೆ ಒತ್ತಿ ಇಟ್ಟರು.

"ಆ ಬೆಂಕಿ ನಾನು ಹಚ್ಚಿಸಿದ್ದಲ್ಲ. ಹಚ್ಚಿದವನು ಇವಳಪ್ಪ. ಆಯ್ತಾ?"

ಪೂರ್ವಿ ಉರಿಯನ್ನೇ ನೋಡುತ್ತಿತ್ತು. ತಾತನ ಕೈ ತಲೆಯ ಮೇಲಿರುವಂತೆಯೇ ಬಗ್ಗಿ, ಕೆನ್ನೆ ಊದಿಸಿ, ಫೂ ಎಂದು ಊದಿತು. ಕರ್ಪೂರ ಆರಿತು.

"ಹ್ಯಾಪಿ ಬರ್ತ್‌ಡೇ!" ಎಂದು ಚಪ್ಪಾಳೆ ತಟ್ಟಿತು. "ಮಾದೀ, ಫಿರ್ ಸೆ! ಇನ್ನೊಂದು ಹಚ್ಚು!"

ಅಂಗಡಿಯವನೂ ನಕ್ಕ. ಕೋಕಿಲಕ್ಕನ ಕಣ್ಣಲ್ಲಿ ನೀರಿತ್ತು. ಅಪ್ಪನ ಹೆಗಲ ಮೇಲೆ ಕೈ ಇಟ್ಟು, "ಕೇಳಿಸ್ತಲ್ಲ? ಸಮಾಧಾನ ಆಯ್ತಾ?" ಎಂದು ನನಗೆ ಹೇಳಿದರು. "ನನ್ನ ಮಗೂನ ನಿನ್ನ ಕೈಗೆ ಕೊಟ್ಟಿದ್ದೆ. ಇಂಥದ್ದು ಮನಸ್ಸಲ್ಲಿಟ್ಕೊಂಡು ನಮ್ಮನೇಲಿ ಇದ್ದೆಯಾ? ನಾಳೆಯೇ ಹೊರಡು. ಟಿಕೆಟ್ ನಾನು ಮಾಡಿಸ್ತೀನಿ."

ಕ್ಯಾಬಿನಲ್ಲಿ ನನ್ನನ್ನು ಮುಂದೆ ಡ್ರೈವರನ ಪಕ್ಕ ಕೂರಿಸಿದರು. ಹಿಂದೆ ಅಪ್ಪ, ಮಗಳು, ನಡುವೆ ಮಗು. ರಾಸ್‌ಬಿಹಾರಿ ವೃತ್ತ ದಾಟುವವರೆಗೆ ನನ್ನೊಳಗೆ ನಡೆದದ್ದನ್ನು ಮುಚ್ಚಿಡುವುದಿಲ್ಲ. ಆಣೆ ಕೆಲಸ ಮಾಡುತ್ತದೆ ಎಂದು ಆ ಕಾರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸುಳ್ಳು ಹೇಳಿದವರು ತಾತ, ಆರಿಸಿದ್ದು ಮೊಮ್ಮಗಳು. ನಾನು ಏನೂ ಮಾಡಬೇಕಾಗಿಲ್ಲ. ಊರಿಗೆ ಹೋಗಿ ಮೂರು ಅಮಾವಾಸ್ಯೆ ಎಣಿಸಿದರೆ ಸಾಕು. ಕಟ್ಟಿದಲ್ಲೇ ಬೆಂದ ಕರುಗಳನ್ನು ಅಪ್ಪ ಒಂದೊಂದಾಗಿ ಹಗ್ಗ ಬಿಡಿಸಿ ಮಲಗಿಸಿದ್ದು ನೆನಪಾಯಿತು. ಇವರಿಗೂ ತಿಳಿಯಲಿ ಎಂದುಕೊಂಡೆ. ನಾನು ಬೇಡಿ ಬಂದದ್ದಕ್ಕಿಂತ ದೊಡ್ಡದು ಕೈಗೆ ಸಿಕ್ಕಿದೆ ಅನ್ನಿಸಿತು. ಒಳಗೆ ಬೆಚ್ಚಗಾಯಿತು.

ಗರಿಯಾಹಾಟಿನ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ಹಿಂದಿನ ಸೀಟಿನಿಂದ ಒಂದು ಸಣ್ಣ ಕೈ ಬಂದು ತಡಕಾಡಿ ನನ್ನ ಜಡೆ ಹಿಡಿಯಿತು. ಪೂರ್ವಿಗೆ ನಿದ್ದೆ ಬರುತ್ತಿತ್ತು. ಕೋಕಿಲಕ್ಕ ಆ ಕೈಯನ್ನು ಬಿಡಿಸಿದರು. ಮಗು ರಾಗ ತೆಗೆಯಿತು. ಮತ್ತೆ ಹಿಡಿಯಿತು.

ನಾನು ತಿರುಗಿ ಕೂತೆ.

"ಬುದ್ಧಿ, ನೀವು ಏಳಿದ್ದು ಸುಳ್ಳು ಅಂತ ಒಂದ್ಸಲ ಅಂದ್ಬುಡಿ."

ಮೂರ್ತಿಯವರು ಕಿಟಕಿಯ ಆಚೆ ಸೀರೆ ಅಂಗಡಿಗಳನ್ನು ನೋಡುತ್ತಿದ್ದರು. ಕೋಕಿಲಕ್ಕ ಫೋನು ನೋಡುತ್ತಿದ್ದರು. ಮಗುವಿನ ಕಣ್ಣು ಮುಚ್ಚಿತ್ತು, ಮುಷ್ಟಿ ಬಿಗಿಯಾಗಿತ್ತು. ಡ್ರೈವರನಿಗೆ ಕನ್ನಡ ಬರುತ್ತಿರಲಿಲ್ಲ. ಸಿಗ್ನಲ್ ಹಸಿರಾಯಿತು. ಕಾರು ಕಸ್ಬಾದ ಕಡೆ ತಿರುಗಿತು.

"ನಮ್ಮಪ್ಪನ ಸುದ್ದಿ ಬ್ಯಾಡಿ ಬುದ್ಧಿ. ಯಾರ ಮುಂದೂ ಅನ್ಬ್ಯಾಡಿ. ನಾನೂ ಕೇಳ್ಕಳಕಿಲ್ಲ, ಕಿವಿ ಮುಚ್ಕತ್ತಿನಿ. ಮಗಿನ ತಲೆ ಮುಟ್ಟಿ, ಸುಳ್ಳು ಅಂತ ಮೆಲ್ಲಗೆ ಒಂದು ಮಾತು ಅಂದ್ಬುಡಿ."