ಮೊದಲು ಕೂರುವವನು

“ಕೈ ಇನ್ನೂ ಒಳಕ್ ಹಾಕೋ ಬೋಳಿಮಗನೆ. ಬೆರಳ ತುದೀಲಿ ಕೆರೆದ್ರೆ ಕಟ್ಕೊಂಡಿರೋದು ತಾನಾಗೇ ಎದ್ದು ಬರುತ್ತಾ?”

ಕಲ್ಯಾಣ ಮಂಟಪದ ಹಿತ್ತಿಲಿನ ಮೋರಿ ಚೇಂಬರಿನ ಬಾಯಿಗೆ ಎದೆಯೂರಿ ಕವುಚಿ ಮಲಗಿದ್ದ ವೆಂಕಟಸ್ವಾಮಿ ಭುಜದವರೆಗೂ ಕೈಯನ್ನು ಇಳಿಬಿಟ್ಟ. ಹಿಂದಿನ ದಿನದ ಮದುವೆಯ ಬಾಳೆಲೆ, ಅನ್ನದ ಗಂಜಿ, ಪ್ಲಾಸ್ಟಿಕ್ ಲೋಟ ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡು ಪೈಪಿನ ಬಾಯಲ್ಲಿ ಗಟ್ಟಿಯಾಗಿ ಕೂತಿದ್ದವು. ಮ್ಯಾನೇಜರ್ ಭೈರೇಶ್ ಮೂಗಿಗೆ ಕರ್ಚೀಫು ಒತ್ತಿಕೊಂಡು, ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು ನಿಂತಿದ್ದ.

“ಮಷೀನ್ ತರಿಸಿ ಅಂದ್ರೆ ತರಿಸಲ್ಲ ಸಾರ್ ನೀವು.”

“ಮಷೀನ್ ಬೇರೆ ಕೇಡು ನಿನಗೆ. ನಿನ್ ಕೈ ಏನು ಬಾಡಿಗೆಗೆ ತಂದಿರೋದಾ?”

ಅಷ್ಟರಲ್ಲಿ ಭೈರೇಶನ ಫೋನು ಬಡಿದುಕೊಂಡಿತು. ಅವನು ಬೆನ್ನು ಬಗ್ಗಿಸಿ ಮಾತಾಡಿದ ರೀತಿಯಲ್ಲೇ ಆ ಕಡೆ ಯಜಮಾನರಿದ್ದಾರೆಂದು ತಿಳಿಯುತ್ತಿತ್ತು. ಫೋನು ಜೇಬಿಗೆ ಹೋದ ಮೇಲೆ ಬಂದ ಧ್ವನಿ ಬೇರೆಯದೇ ಆಗಿತ್ತು.

“ಸಾಕು, ಏಳಿ ವೆಂಕಟಸ್ವಾಮಿ. ಸೋಪು ಹಾಕಿ ಸ್ನಾನ ಮಾಡ್ಕೊಳಿ. ಯಜಮಾನ್ರು ಬರ್ತಾ ಇದಾರೆ, ನಿಮ್ಮನ್ನೇ ನೋಡೋಕೆ.”

ವೆಂಕಟಸ್ವಾಮಿ ತಟ್ಟನೆ ಏಳಲಿಲ್ಲ. ಮೂಡಲಪಾಳ್ಯದ ಈ ಮಂಟಪದಲ್ಲಿ ಅವನು ಕಾವಲುಗಾರ, ಕಸ ಗುಡಿಸುವವನು, ಮೋರಿ ಎತ್ತುವವನು. ಹಿಂದಿನ ಒಂಟಿ ಕೋಣೆಯೇ ಅವನ ಮನೆ. ಇಷ್ಟು ವರ್ಷಗಳಲ್ಲಿ ಯಾರೂ ಅವನಿಗೆ ‘ಏಳಿ’ ಎಂದಿರಲಿಲ್ಲ. ಹೋದ ಯುಗಾದಿಯಲ್ಲಿ ಅಡುಗೆಯವನಿಗೆ ಶಾಲು ಹೊದಿಸಿ, ಕೈಕುಲುಕಿ, ಮರುದಿನವೇ ಅವನಿದ್ದ ಕೋಣೆಯ ಬೀಗ ಬದಲಾಯಿಸಿದ್ದರು. ಈ ಮನೆಯವರ ಬೈಗುಳ ಅವನಿಗೆ ಅರ್ಥವಾಗುತ್ತಿತ್ತು. ಮರ್ಯಾದೆ ಬಂದಾಗಲೇ ಮೈಯೆಲ್ಲ ಕಿವಿಯಾಗುತ್ತಿತ್ತು.

ಆಫೀಸಿನಲ್ಲಿ ಸೋಮಲಿಂಗಪ್ಪನವರು ತಮ್ಮ ಅಜ್ಜನ ಪೇಟದ ಫೋಟೋದ ಕೆಳಗೆ ಕೂತಿದ್ದರು. ಅವರ ವಂಶ ಒಂದು ಕಾಲದಲ್ಲಿ ಬಿಲ್ಲುಗುಡ್ಡದ ಸುತ್ತಲಿನ ಹಳ್ಳಿಗಳನ್ನು ಆಳಿತ್ತಂತೆ. ಈಗ ರಾಜಾಜಿನಗರದಲ್ಲಿ ಬಂಗಲೆ, ಕೆಂಗೇರಿಯಲ್ಲಿ ಲೇಔಟು, ಇಲ್ಲಿ ಈ ಮಂಟಪ. ಪಕ್ಕದಲ್ಲಿ ಮಗ ಗಿರಿರಾಜ್. ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಕೆಳಗೆ ಅವನ ಎರಡು ಫ್ಲೆಕ್ಸುಗಳು ನಿಂತಿದ್ದವು. ಒಂದರಲ್ಲಿ ಅವನು ವಾರ್ಡಿನ ಜನರ ವಿನಮ್ರ ಸೇವಕ, ಇನ್ನೊಂದರಲ್ಲಿ ಬಿಲ್ಲುಗುಡ್ಡದ ಯುವರಾಜ. ಫೋಟೋ ಮಾತ್ರ ಎರಡರಲ್ಲೂ ಒಂದೇ.

“ಕೂತ್ಕೋ ವೆಂಕಟಸ್ವಾಮಿ,” ಎಂದರು ಸೋಮಲಿಂಗಪ್ಪ. ಭೈರೇಶ್ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಮುಂದಿಟ್ಟ.

“ಪರವಾಗಿಲ್ಲ ಬುದ್ಧಿ, ನಿಂತಿರ್ತೀನಿ.”

“ಬುದ್ಧಿ ಗಿದ್ಧಿ ಎಲ್ಲ ಯಾಕಪ್ಪ, ಕಾಲ ಬದಲಾಯ್ತು. ಗಿರಿ, ನೀನೇ ಹೇಳು.”

“ಅಂಕಲ್, ಮುಂದಿನ ವಾರ ಇಲ್ಲೇ ನನ್ನ ಪಟ್ಟಾಭಿಷೇಕ,” ಎಂದ ಗಿರಿರಾಜ್ ನಗುತ್ತ. “ಅಧಿಕಾರ ಏನಿಲ್ಲ, ಗಾಬರಿ ಆಗ್ಬೇಡಿ. ಹೆರಿಟೇಜ್ ಅಷ್ಟೆ. ಇಂಗ್ಲೆಂಡಲ್ಲಿ ಇಲ್ವಾ? ಜಪಾನಲ್ಲಿ ಇಲ್ವಾ? ವೋಟು ಹಾಕಿ ಬಂದ್ಮೇಲೂ ಜನಕ್ಕೆ ಕೈಮುಗಿಯೋಕೆ ಒಬ್ಬ ಬೇಕು. ನಾವು ಬಿಟ್ರೂ ಅವರು ಬಿಡಲ್ಲ.”

“ಸರಿ ಸಾರ್. ಅದ್ರಲ್ಲಿ ನನ್ ಕೆಲಸ ಏನು?”

“ಕೆಲಸ ಅಲ್ಲ, ಗೌರವ,” ಎಂದರು ಸೋಮಲಿಂಗಪ್ಪ. “ನಮ್ಮ ಪದ್ಧತೀಲಿ ಸಿಂಹಾಸನದ ಮೇಲೆ ಮೊದ್ಲು ಕೂರೋದು ರಾಜ ಅಲ್ಲ, ನಿಮ್ಮ ಮನೆತನದೋನು. ನನ್ನ ಪಟ್ಟದಲ್ಲಿ ನಿಮ್ಮಪ್ಪ ಕೂತಿದ್ದ. ಅವನು ಹೇಳಿಲ್ವಾ ನಿನಗೆ?”

ಅಪ್ಪ ಹೇಳಿರಲಿಲ್ಲ. ಅಪ್ಪ ಯಾವ ಕುರ್ಚಿಯ ಮೇಲೂ ಕೂತದ್ದನ್ನು ವೆಂಕಟಸ್ವಾಮಿ ಕಂಡಿರಲಿಲ್ಲ. ಆಸ್ಪತ್ರೆಯಲ್ಲಿ ಸಾಯುವ ಮುಂಚೆಯೂ ಬೆಂಚು ಬಿಟ್ಟು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ.

“ಅಮ್ಮನ್ನ ಒಂದ್ಮಾತು ಕೇಳಿ ಹೇಳ್ತೀನಿ ಬುದ್ಧಿ.”

“ಕೇಳು, ಕೇಳು. ಅಂದ ಹಾಗೆ ಭೈರೇಶ ಹಿಂದಿನ ರೂಮು ಜನರೇಟರ್‌ಗೆ ಬೇಕು ಅಂತ ಕುಣೀತಾ ಇದ್ದ. ನಾನೇ ತಡೆದಿದೀನಿ. ಹೆಣ್ಣುಮಗು ಓದ್ತಾ ಇದೆ ಪಾಪ, ಎಲ್ಲಿಗೆ ಹೋಗ್ತಾರೆ ಅಂತ.”

ಕೋಣೆಯ ಹೊಸ್ತಿಲಲ್ಲಿ ತಾಯಿ ಅಕ್ಕಯ್ಯಮ್ಮ ಮಂಟಪದ ಅಡುಗೆಗೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಒಳಗೆ ಮಗಳು ಸಂಘಮಿತ್ರಾ ಪರೀಕ್ಷೆಗೆ ಓದುತ್ತಿದ್ದಳು. ಅವಳ ತಾಯಿ ತೀರಿಹೋದ ಮೇಲೆ ಈ ಮೂವರೇ ಆ ಕೋಣೆಯಲ್ಲಿದ್ದದ್ದು. ಸಿಂಹಾಸನದ ಮಾತು ಬಂದೊಡನೆ ಅಕ್ಕಯ್ಯಮ್ಮನ ಉಗುರು ಬೆಳ್ಳುಳ್ಳಿಯ ಸಿಪ್ಪೆಯಲ್ಲೇ ನಿಂತಿತು.

“ಕೂರಿಸಿ ಏನ್ ಮಾಡ್ತಾರೆ ಅಂತ ಹೇಳಿದ್ರಾ?”

“ಗೌರವ ಅಂದ್ರು.”

“ಹೂಂ, ಗೌರವ.” ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. “ಆ ಕುರ್ಚಿ ಮೇಲೆ ಹಿಂದಿನ ರಾಜರ ಪಾಪ, ಕಣ್ಣುದೃಷ್ಟಿ, ಸಾವು ನೋವು ಎಲ್ಲಾ ಕೂತಿರ್ತದಂತೆ ಕಣೋ. ಮೊದ್ಲು ಕೂತೋನಿಗೆ ಅದು ಅಂಟ್ಕೊಳ್ತದೆ. ಅಂಟ್ಕೊಂಡ ಮೇಲೆ ಹೊಸ ರಾಜ ಹುಣಸೆ ಬರಲಲ್ಲಿ ಮೂರೇಟು ಹಾಕಿ ಓಡಿಸ್ತಾನೆ. ತೊಳೆದು ಆಮೇಲೆ ತಾನ್ ಕೂರ್ತಾನೆ. ನಿಮ್ಮಪ್ಪನಿಗೆ ಹೊಡೆದೋನು ಇದೇ ಸೋಮಲಿಂಗಪ್ಪ. ಆಗ ಮೀಸೆ ಚಿಗುರ್ತಾ ಇತ್ತು ಅವನಿಗೆ.”

ಸಂಘಮಿತ್ರಾ ಪುಸ್ತಕ ಮಡಿಸಿ ಹೊರಬಂದಳು.

“ಪಟ್ಟ ಆಗಿ ತಿಂಗಳು ತುಂಬಿರಲಿಲ್ಲ,” ಎಂದಳು ಅಕ್ಕಯ್ಯಮ್ಮ ಮಗನ ಕಡೆ ತಿರುಗಿ. “ನಿಮ್ಮಣ್ಣ ಆಗ ಅಂಬೆಗಾಲು ಇಡ್ತಿದ್ದ. ಜ್ವರ ಬಂತು, ಹೋದ. ಮಣ್ಣು ಮಾಡಿ ಬಂದ್ರೆ ಬಾಗ್ಲಲ್ಲಿ ಅರಮನೆ ಆಳು. ಕೈಯಲ್ಲಿ ತಟ್ಟೆ ತುಂಬಾ ಸಕ್ಕರೆ ಅಚ್ಚು. ದೊರೆಮನೆ ಪೀಡೆ ಕಳೀತು, ಬಾಯಿ ಸಿಹಿ ಮಾಡ್ಕೊಳಿ ಅಂದ.”

“ಅಪ್ಪ ಏನಂದ?” ಎಂದ ವೆಂಕಟಸ್ವಾಮಿ.

“ಏನಂತಾನೆ? ಈಸ್ಕೊಂಡ. ನಾನೂ ಒಂದು ಬಾಯಿಗೆ ಹಾಕ್ಕೊಂಡೆ. ನುಂಗೋ ತನಕ ಆಳು ನೋಡ್ತಾ ನಿಂತಿದ್ದ.”

ಮಂಟಪದ ಗೋಡೆಯಾಚೆ ಬಸ್ಸೊಂದು ಹಾರ್ನು ಹೊಡೆಯುತ್ತ ಹೋಯಿತು. ಸಂಘಮಿತ್ರಾಳ ಮುಖ ಬಿಗಿದಿತ್ತು.

“ಅಪ್ಪ, ಇದು ಕೇಸಾಗೋ ವಿಷ್ಯ. ಕಂಪ್ಲೇಂಟ್ ಕೊಡೋಣ.”

“ಕೊಡ್ತೀಯ. ರಾತ್ರಿ ಎಲ್ಲಿ ಮಲಗ್ತೀಯ?”

“ಅದಕ್ಕೆ ಅಂತ ಹೊಡೆಸ್ಕೊಂಡು ಬರ್ತೀಯಾ?”

ಪೀಡೆಯ ಕತೆಯನ್ನು ವೆಂಕಟಸ್ವಾಮಿ ನಂಬುತ್ತಿರಲಿಲ್ಲ. ಆದರೂ ನಂಬದಿರುವ ತನ್ನ ಮೇಲೆಯೇ ಅವನಿಗೆ ಅನುಮಾನ ಬಂತು. ಪುಸ್ತಕ ಹಿಡಿದ ಮಗಳ ಕೈಯನ್ನು, ಅವಳ ಕತ್ತಿನ ಸಣ್ಣ ನರವನ್ನು ನೋಡಿದ. ಯಾರದೋ ಮನೆಯ ಸಾವು ಬಂದು ತನ್ನ ಮನೆಯಲ್ಲಿ ಇಳಿಯಲೆಂದು ಹಾರೈಸುವವರು ಇದ್ದಾರೆ ಎಂಬುದಂತೂ ನಿಜವಾಗಿತ್ತು. ಅವರು ಅದಕ್ಕೆ ದಿನ ಗೊತ್ತುಮಾಡಿ, ಚಪ್ಪರ ಹಾಕಿಸಿ, ಊಟಕ್ಕೂ ಹೇಳಿದ್ದರು.

ಮರುದಿನ ಅವನು ಭೈರೇಶನ ಮುಂದೆ ಹೋಗಿ ನಿಂತ. “ನನ್ ಕೈಲಿ ಆಗಲ್ಲ ಸಾರ್.”

ಭೈರೇಶ್ ಬಾಳೆಗೊನೆ ಎಣಿಸುವುದನ್ನು ನಿಲ್ಲಿಸಲಿಲ್ಲ. “ಬಿಡು. ಲಗ್ಗೆರೇಲಿ ನಿಮ್ ಚಿಕ್ಕಪ್ಪನ ಮಗ ರವಿಕುಮಾರ ಇಲ್ವಾ, ಫ್ಯಾಕ್ಟರಿ ಬಾಗಿಲು ಹಾಕಿದಾಗಿಂದ ಖಾಲಿ ಕೂತವ್ನೆ. ಅವನು ಆಗ್ಲೇ ಫೋನ್ ಮಾಡಿದ್ದ, ನಾನ್ ಕೂರ್ತೀನಿ ಅಂತ. ಎರಡು ಚಿಕ್ಕ ಮಕ್ಳು ಅವನಿಗೆ. ರೂಮೂ ಅವನಿಗೇ ಕೊಟ್ರಾಯ್ತು.”

ರವಿಕುಮಾರ ನಿಜವಾಗಿಯೂ ಫೋನು ಮಾಡಿದ್ದನೋ, ಇದು ಭೈರೇಶನ ಬಾಯಲ್ಲಿ ಹುಟ್ಟಿದ್ದೋ? ಎರಡೂ ಸಾಧ್ಯವಿತ್ತು. ಆ ಚಿಕ್ಕ ಮಕ್ಕಳನ್ನು ವೆಂಕಟಸ್ವಾಮಿ ಎತ್ತಿ ಆಡಿಸಿದ್ದ.

“ಬೇಡ ಸಾರ್. ನಾನೇ ಕೂರ್ತೀನಿ.”

“ಅಯ್ಯೋ ನನ್ಮಗನೆ, ಅದನ್ನ ನಿನ್ನೆನೇ ಬೊಗಳೋಕ್ ಏನಾಗಿತ್ತು?”

ಪಟ್ಟದ ದಿನ ಬೆಳಿಗ್ಗೆ ಮಂಟಪದ ತುಂಬ ಬಾಡಿಗೆಯ ಪೇಟಗಳು. ಕೇಟರಿಂಗಿನ ಹುಡುಗರಿಗೆ ಈಟಿ ಹಿಡಿಸಿ ಬಾಗಿಲಲ್ಲಿ ನಿಲ್ಲಿಸಿದ್ದರು. ಮುಂದಿನ ಸಾಲಿನ ಕೆಂಪು ಸೋಫಾಗಳ ಮೇಲೆ ‘ರಾಜಪರಿವಾರ’ ಎಂಬ ಚೀಟಿ ಅಂಟಿತ್ತು. ಅವುಗಳ ಹಿಂದೆ ಪಕ್ಷದವರು, ಬಡಾವಣೆ ಸಂಘದವರು, ಲೇಔಟಿನಲ್ಲಿ ಸೈಟು ಕೊಂಡವರು. ರಾಜಾಜಿನಗರದಿಂದ ಟೆಂಪೋದಲ್ಲಿ ಬಂದ ಸಿಂಹಾಸನ ವೇದಿಕೆಯ ಮೇಲೆ ಹೊಳೆಯುತ್ತಿತ್ತು. ಹತ್ತಿರದಿಂದ ನೋಡಿದರೆ ಮರಕ್ಕೆ ಹೊಡೆದ ತಗಡು, ಮೊಳೆಗಳ ಸುತ್ತ ತುಕ್ಕು.

ವಿಡಿಯೋದವರಿಗೆ ಭೈರೇಶ್ ಕೈಸನ್ನೆ ಮಾಡಿದ. ಕ್ಯಾಮೆರಾಗಳು ಆರಿದವು. ಮೈಕು ಸುಮ್ಮನಾಯಿತು. ಆಗ ವೆಂಕಟಸ್ವಾಮಿಯನ್ನು ಪಕ್ಕದ ಬಾಗಿಲಿನಿಂದ ಒಳಗೆ ಕರೆತಂದರು. ಹೊಸ ಪಂಚೆ ಉಡಿಸಿ, ಹಣೆಗೆ ಮಸಿ ಹಚ್ಚಿದ್ದರು.

ಗಿರಿರಾಜ್ ಜರಿಯಂಗಿಯಲ್ಲಿ ಬೆವರುತ್ತಿದ್ದ. ಕೈಯಲ್ಲಿದ್ದ ಹುಣಸೆ ಬರಲಿಗೆ ರೇಷ್ಮೆ ಬಟ್ಟೆ ಸುತ್ತಿತ್ತು. “ನೋವಾಗಲ್ಲ ಅಂಕಲ್,” ಎಂದು ಬಗ್ಗಿ ಪಿಸುಗುಟ್ಟಿದ. “ಜಸ್ಟ್ ಸಿಂಬಾಲಿಕ್. ಮೂರು ಸಲ ಟಚ್ ಮಾಡ್ತೀನಿ, ನೀವು ಎದ್ದು ಆ ಬಾಗಿಲಿಂದ ಓಡಿ. ತಿರುಗಿ ನೋಡ್ಬೇಡಿ.”

ವೆಂಕಟಸ್ವಾಮಿ ಕೂತ. ಆಸನ ಅವನು ಊಹಿಸಿದ್ದಕ್ಕಿಂತ ಗಟ್ಟಿಯಾಗಿತ್ತು. ಅಲ್ಲಿಂದ ಎಲ್ಲರ ತಲೆಗಳೂ ಕೆಳಗೆ ಕಾಣುತ್ತಿದ್ದವು. ಇಷ್ಟು ಜನ ಒಟ್ಟಿಗೆ ಅವನ ಮುಖವನ್ನು ಎಂದೂ ನೋಡಿರಲಿಲ್ಲ. ಅವರ ಕಣ್ಣುಗಳಲ್ಲಿ ಕಂಡದ್ದು ತಿರಸ್ಕಾರವಲ್ಲ, ಕರುಣೆಯೂ ಅಲ್ಲ. ಬೇಗ ಮುಗಿಯಲಿ, ಊಟಕ್ಕೆ ಏಳೋಣ ಎಂಬ ಅವಸರ.

ಪುರೋಹಿತರು ಮಂತ್ರ ಹೇಳಿದರು. ಬರಲು ಅವನ ಭುಜವನ್ನು ಮುಟ್ಟಿತು, ಎದೆಯನ್ನು ಮುಟ್ಟಿತು, ಮೊಣಕಾಲನ್ನು ಮುಟ್ಟಿತು. ನೋವಾಗಲಿಲ್ಲ. ಯುವರಾಜ ಮಾತು ಉಳಿಸಿಕೊಂಡಿದ್ದ. ಆ ಮೆತ್ತನೆಯ ಸ್ಪರ್ಶಕ್ಕೆ ವೆಂಕಟಸ್ವಾಮಿಯ ಮೈಯಲ್ಲಿ ಎದ್ದ ಉರಿ ಮಾತ್ರ ಚರ್ಮ ಸುಲಿದರೂ ಏಳುವಂಥದ್ದಾಗಿರಲಿಲ್ಲ.

“ಈಗ ಏಳಪ್ಪ,” ಎಂದರು ಪುರೋಹಿತರು.

ಅವನು ಏಳಲಿಲ್ಲ.

“ಅಂಕಲ್, ಆಯ್ತು. ಏಳಿ.”

“ಆಯ್ತಾ ಸಾರ್? ನನಗೇನೂ ಗೊತ್ತಾಗಲೇ ಇಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಸೋಮಲಿಂಗಪ್ಪನವರು ವೇದಿಕೆಯ ಅಂಚಿಗೆ ಬಂದರು. “ಏನೋ ಇದು? ಇಳಿಯೋ ಕೆಳಕ್ಕೆ.”

“ಪೀಡೆ ಇನ್ನೂ ಪೂರ್ತಿ ಇಳಿದಿಲ್ಲ ಬುದ್ಧಿ. ನಿಮ್ಮ ವಂಶದ್ದು ಜಾಸ್ತಿ ಇರ್ಬೇಕು. ಇಳೀಲಿ ತಡೀರಿ.”

ಈಟಿ ಹಿಡಿದಿದ್ದ ಇಬ್ಬರು ಮುಂದಕ್ಕೆ ಬಂದರು. ಪುರೋಹಿತರು ಅಡ್ಡ ಕೈ ಚಾಚಿದರು. “ಮುಟ್ಟಬೇಡಿ, ಮುಟ್ಟಬೇಡಿ. ಎಳೆದು ಇಳಿಸಿದ್ರೆ ಎಳೆದೋರಿಗೆ ಅಂಟುತ್ತೆ. ಅವನೇ ಏಳ್ಬೇಕು. ಶಾಸ್ತ್ರ ಇರೋದೇ ಹಾಗೆ.” ಇಬ್ಬರೂ ಅಲ್ಲೇ ನಿಂತರು. ಒಬ್ಬ ಹುಡುಗ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದ.

“ಮುಹೂರ್ತ ಎಷ್ಟೊತ್ತಿದೆ?”

“ಜಾಸ್ತಿ ಇಲ್ಲ ಯಜಮಾನ್ರೇ.”

“ಲೋ ಸೂಳೆಮಗನೆ,” ಎಂದು ಭೈರೇಶ್ ಕೆಳಗಿನಿಂದ ಹಲ್ಲು ಕಡಿದ. “ನಿನ್ ಪಾತ್ರೆ ಪಗಡ ಈಗ್ಲೇ ರೋಡಿಗೆ ಹಾಕಿಸ್ತೀನಿ, ನೋಡ್ತಾ ಕೂತಿರು.”

ಪಕ್ಕದ ಬಾಗಿಲು ತೆರೆದೇ ಇತ್ತು. ಸಿಂಹಾಸನದಿಂದ ಹಿತ್ತಿಲು, ಗೇಟು, ಗೇಟಿನಾಚೆಯ ರಸ್ತೆ ನೇರವಾಗಿ ಕಾಣುತ್ತಿದ್ದವು. ವೆಂಕಟಸ್ವಾಮಿ ನೋಡಿದ. ಭೈರೇಶನ ಆಳುಗಳ ಕೈಯಲ್ಲಿ ಮೊದಲು ಹಾಸಿಗೆ ರಸ್ತೆಗೆ ಹೋಯಿತು. ಆಮೇಲೆ ಬಕೆಟ್ಟು, ಸ್ಟವ್, ಮಗಳ ಪುಸ್ತಕಗಳು. ಅಕ್ಕಿ ಡಬ್ಬದ ಮುಚ್ಚಳ ಬಿಚ್ಚಿ ಅಕ್ಕಿ ಟಾರಿನ ಮೇಲೆ ಚೆಲ್ಲಿತು. ಅವನ ಬೆರಳುಗಳು ತಗಡಿನ ತೋಳುಗಳನ್ನು ಬಿಗಿದವು. ಓಡಿಹೋಗಿ ಅಕ್ಕಿಯನ್ನು ಬಾಚಿಕೊಳ್ಳಬೇಕೆಂದು ಕಾಲು ತಾನಾಗಿಯೇ ಮಿಡಿಯಿತು. ಎದ್ದರೆ ಎಲ್ಲವೂ ಮುಗಿಯುತ್ತಿತ್ತು. ಬೆಳಿಗ್ಗೆಯ ಹಾಗೆಯೇ ಆಗಿಬಿಡುತ್ತಿತ್ತು.

ಸಂಘಮಿತ್ರಾ ರಸ್ತೆಗೆ ಬಂದು ಪುಸ್ತಕಗಳನ್ನಷ್ಟೇ ಆಯ್ದುಕೊಂಡಳು. ಅಕ್ಕಯ್ಯಮ್ಮ ಯಾವುದನ್ನೂ ಮುಟ್ಟಲಿಲ್ಲ. ಅವಳು ಹಿತ್ತಿಲು ದಾಟಿ, ಪಕ್ಕದ ಬಾಗಿಲು ದಾಟಿ, ಬರಿಗಾಲಲ್ಲಿ ರತ್ನಗಂಬಳಿಯ ಮೇಲೆ ನಡೆದು ಬಂದಳು. ಅವಳನ್ನು ಮುಟ್ಟಿ ತಡೆಯಲು ಯಾರೂ ಕೈ ಚಾಚಲಿಲ್ಲ. ಮುಂದಿನ ಸಾಲಿನ ಕೆಂಪು ಸೋಫಾದಲ್ಲಿ ಸೋಮಲಿಂಗಪ್ಪನವರ ಹೆಂಡತಿಯ ಪಕ್ಕ ಜಾಗ ಖಾಲಿಯಿತ್ತು. ಅಕ್ಕಯ್ಯಮ್ಮ ಅಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಸೆಕೆ ಕಣಮ್ಮ,” ಎಂದಳು ಪಕ್ಕದವಳಿಗೆ.

ರೇಷ್ಮೆ ಸೀರೆಯ ಹೆಂಗಸು ಎದ್ದು ನಿಂತಳು. ಅವಳ ಹಿಂದೆ ಇಡೀ ಸಾಲು ಎದ್ದಿತು.

“ಅಪ್ಪಾಜಿ, ಇವತ್ತು ಬೇಡ, ಬಿಡಿ,” ಎಂದ ಗಿರಿರಾಜ್. “ಎಲ್ಲರೂ ನೋಡ್ತಾ ಇದಾರೆ. ಎಲೆಕ್ಷನ್ ಇದೆ.”

ಸೋಮಲಿಂಗಪ್ಪನವರು ಮಗನ ಮುಖ ನೋಡಲಿಲ್ಲ. ಅವನ ಕೈಯಿಂದ ಬರಲನ್ನು ಕಿತ್ತುಕೊಂಡರು. ತುದಿಯ ಗಂಟನ್ನು ಹಲ್ಲಿನಿಂದ ಕಚ್ಚಿ ಸಡಿಲಿಸಿ, ರೇಷ್ಮೆಯನ್ನು ಸುತ್ತು ಸುತ್ತಾಗಿ ಬಿಚ್ಚತೊಡಗಿದರು. ಬಟ್ಟೆಯ ಒಳಗಿನಿಂದ ಹಸಿ ಹುಣಸೆಯ ಗೆಣ್ಣುಗಳು ಒಂದೊಂದಾಗಿ ಹೊರಬಂದವು.

ವೆಂಕಟಸ್ವಾಮಿ ನೆಲಕ್ಕೆ ಇಳಿಬಿಟ್ಟಿದ್ದ ಕಾಲುಗಳನ್ನು ಮೇಲೆತ್ತಿ ಚಕ್ಕಳಮಕ್ಕಳ ಹಾಕಿಕೊಂಡು ಕೂತ.