ಅರಮನೆಯ ಬಾಗಿಲಲ್ಲಿ ಬಿಚ್ಚಿದ ಶಿವದಾರ

ರೈಲು ಇಳಿದು ಸ್ವಪ್ನಾಲಿ ನೀರಿನ ಬಾಟಲಿ ತರುವಷ್ಟರಲ್ಲಿ ಕಂಬದ ಮರೆಯಲ್ಲಿ ಸಾರಿಕಾ ಮತ್ತು ಓಂಪ್ರಕಾಶ ತಲೆಗೆ ತಲೆ ಕೂಡಿಸಿ ಮಾತಾಡುತ್ತಿದ್ದರು. ಓಂಪ್ರಕಾಶನೂ ಅವರ ಊರು ನಿಲಂಗಾದವನೇ. ರಜೆಗೆ ಊರಿಗೆ ಹೋಗಿ ಮೊನ್ನೆಯಷ್ಟೇ ಜರ್ಮನಿಗೆ ಮರಳಿದ್ದ. ಸ್ವಪ್ನಾಲಿಯನ್ನು ಕಂಡದ್ದೇ ಇಬ್ಬರೂ ಸುಮ್ಮನಾದರು. ಸಾರಿಕಾ ಏನನ್ನೋ ಚೀಲಕ್ಕೆ ಹಾಕಿಕೊಂಡಳು, ಓಂಪ್ರಕಾಶ ತನ್ನ ರೈಲು ಹಿಡಿಯಲು ಹೊರಟ.

"ಏನ್ ಪಿಸಿಪಿಸಿ ನಡದದ?"

"ಏನಿಲ್ಲ ತಗೋ. ನಿನಗ ಆಮ್ಯಾಲ ಹೇಳ್ತೀನಿ," ಎಂದು ಸಾರಿಕಾ ನಕ್ಕಳು.

ಆ ನಗೆ ಸ್ವಪ್ನಾಲಿಯ ಎದೆಯಲ್ಲಿ ಮುಳ್ಳಾಗಿ ಮುರಿಯಿತು.

ಇಬ್ಬರೂ ನರ್ಸಿಂಗ್ ಕಲಿಯಲು ಬಂದವರು. ಒಂದೇ ಊರು, ಒಂದೇ ಕೋಣೆ. ಸಾರಿಕಾ ಜಂಗಮರ ಮನೆಯವಳು. ಅವಳ ಅಜ್ಜ ಸಿದ್ಧಯ್ಯ ಪ್ರತಿ ಸೋಮವಾರ ಸ್ವಪ್ನಾಲಿಯ ಮನೆಗೆ ಪೂಜೆಗೆ ಬರುವ ಅಯ್ನೋರು. ಸ್ವಪ್ನಾಲಿಯ ಅಜ್ಜಿ ಚಂಪಾಬಾಯಿ ಅವರ ಪಾದ ತೊಳೆದು, ಆ ನೀರನ್ನು ಕಣ್ಣಿಗೊತ್ತಿಕೊಂಡು ಕುಡಿದ ಮೇಲೆಯೇ ಒಲೆ ಹೊತ್ತಿಸುವವಳು. ಮೊಮ್ಮಗಳನ್ನು ಹೊರದೇಶಕ್ಕೆ ಕಳಿಸುವಾಗ ಆಕೆ ಇಟ್ಟದ್ದು ಒಂದೇ ಷರತ್ತು: ಕೊರಳ ಲಿಂಗ ಮೈಬಿಟ್ಟು ಅಗಲಬಾರದು. ಅಗಲಿತೋ, ಪಾಸ್‌ಪೋರ್ಟು ಆಕೆಯ ಟ್ರಂಕಿಗೆ, ಓದು ಅಲ್ಲಿಗೆ ಮುಗಿಯಿತು.

ಬಂದ ಮೂರನೆಯ ವಾರವೇ ಸ್ವಪ್ನಾಲಿ ಲಿಂಗವನ್ನು ಈಜುಕೊಳದ ಗೂಟಕ್ಕೆ ಸಿಕ್ಕಿಸಿ ನೀರಿಗಿಳಿದಿದ್ದಳು. ಮೇಲೆ ಬಂದು ನೋಡಿದರೆ ಗೂಟ ಬರಿದು. ಅದು ಗೊತ್ತಿದ್ದದ್ದು ಸಾರಿಕಾಳೊಬ್ಬಳಿಗೆ. ಇನ್ನು ಹನ್ನೆರಡು ದಿನಕ್ಕೆ ಇಬ್ಬರೂ ಊರಿಗೆ ಹೊರಡಬೇಕು. 'ನನ್ನ ಸುದ್ದಿ ಊರು ಮುಟ್ಟ್ಯದ, ಉತ್ತರ ಬಂದದ,' ಎಂದುಕೊಂಡಳು ಸ್ವಪ್ನಾಲಿ.

ಅಂದು ಸೋಮವಾರ, ಅಲ್ಲಿನವರ ಯಾವುದೋ ಹಬ್ಬದ ರಜೆ. ಇಬ್ಬರೂ ನೋಡಲು ಬಂದ ಹಳೆಯ ಅರಮನೆಯ ಮುಂದೆ ಉದ್ದನೆಯ ಸಾಲು. ಬಾಗಿಲಲ್ಲಿ ಚೀಲ ತೂರಿಸುವ ಮಷಿನ್ನು, ಜನ ಹಾಯುವ ಕಮಾನು. ಸ್ವಪ್ನಾಲಿ ಹಾದಳು, ಸದ್ದಿಲ್ಲ. ಸಾರಿಕಾ ಹಾದಳು, ಕಮಾನು ಕಿರುಚಿತು. ಕಾವಲಿನ ಹೆಂಗಸು ಅವಳ ಎದೆಯ ಕಡೆ ಬೊಟ್ಟು ಮಾಡಿದಳು. ಅಂಗಿಯ ಒಳಗಿತ್ತು ಲಿಂಗವಿಟ್ಟ ಬೆಳ್ಳಿಯ ಕರಡಿಗೆ.

ಸಾರಿಕಾಳಿಗೆ ಆ ದೇಶದ ಭಾಷೆ ಇನ್ನೂ ತೊದಲು. ಸ್ವಪ್ನಾಲಿಯದು ನೀರು ಕುಡಿದಂತೆ.

"ಸ್ವಪ್ನಾ, ಇದು ದೇವರದು, ತೆಗಿಲಿಕ್ಕೆ ಬರಂಗಿಲ್ಲ ಅಂತ ಹೇಳ ಆಕಿಗಿ."

ಕಾವಲಿನವಳು ಒಳ್ಳೆಯವಳೇ. ಧರ್ಮದ ವಸ್ತುವೇ, ಹಾಗಿದ್ದರೆ ತೆಗೆಯುವುದು ಬೇಡ, ಪಕ್ಕದ ಕೋಣೆಯಲ್ಲಿ ಬಟ್ಟೆಯ ಮೇಲಿಂದಲೇ ಮುಟ್ಟಿ ನೋಡಿ ಬಿಡುತ್ತೇನೆ ಎಂದು ತಾನಾಗಿಯೇ ಹೇಳಿದಳು. ಅಂಥದ್ದೇನಿಲ್ಲ, ಬರೀ ಒಡವೆ, ತೆಗೆದು ಕೊಡುತ್ತಾಳೆ ಎಂದಳು ಸ್ವಪ್ನಾಲಿ. ಆಮೇಲೆ ಸಾರಿಕಾಳ ಕಡೆ ತಿರುಗಿದಳು.

"ಬಿಚ್ಚಿ ಕೊಡಬೇಕಂತ. ಇಲ್ಲಂದ್ರ ಪೊಲೀಸರನ್ನ ಕರಿತಾಳಂತ."

"ನಾ ಒಳಗ ಬರಂಗಿಲ್ಲವ್ವ. ಹೊರಗೇ ಕೂಡತೀನಿ. ನೀ ನೋಡಿ ಬಾ."

"ಮಷಿನ್ ಒದರಿ ಆಗ್ಯದ, ಈಗೆಲ್ಲಿ ಹೊರಗ ಹೋಗ್ತಿ? ವೀಸಾದ ಮ್ಯಾಲೆ ಬರದ್ರ ಮುಗೀತು ನಿಂದು. ಲಗು ಬಿಚ್ಚು, ಹಿಂದ ಮಂದಿ ನಿಂತಾರ!"

ಸಾರಿಕಾ ಕಣ್ಣು ಮುಚ್ಚಿದಳು. ತುಟಿಯಲ್ಲಿ ಐದಕ್ಷರ ಅಲುಗಿದವು. ದೀಕ್ಷೆಯ ದಿನ ಅಜ್ಜ ಕಟ್ಟಿದ ಶಿವದಾರವನ್ನು ತಲೆಯ ಮೇಲಿಂದ ತೆಗೆದು ಎರಡೂ ಕೈಯಿಂದ ತಟ್ಟೆಯಲ್ಲಿಟ್ಟಳು. ಕಾವಲಿನವಳು ಕರಡಿಗೆ ತೆರೆದಳು. ಬಿಳಿಯ ಪುಡಿ ಉದುರಿತು. ಆಕೆಯ ಮುಖ ಬದಲಾಯಿತು, ಮತ್ತೊಬ್ಬನನ್ನು ಕರೆದಳು. ಅವನು ಕೈಗವಸು ತೊಟ್ಟು ವಿಭೂತಿಯನ್ನು ಕಾಗದಕ್ಕೆ ಒರೆಸಿ ಮಷಿನ್ನಿಗೆ ಹಾಕಿದ. ಕರಿಯ ಲಿಂಗವನ್ನು ಎರಡು ಬೆರಳಲ್ಲಿ ಹಿಡಿದು ದೀಪಕ್ಕೊಡ್ಡಿ ತಿರುಗಿಸಿ ನೋಡಿದ, ಉಗುರಿನಿಂದ ಟಕಟಕ ಬಡಿದ, ಕೊನೆಗೆ ಮರಳಿ ಕೊಟ್ಟ. ಸಾಲಿನಲ್ಲಿ ಯಾರೋ ನಕ್ಕರು.

ಸ್ವಪ್ನಾಲಿ ಮೊಬೈಲು ಎತ್ತಿ ಹಿಡಿದಿದ್ದಳು. ಅರಮನೆಯ ಬಾಗಿಲ ಚಿತ್ರ ತೆಗೆಯುವವಳ ಹಾಗೆ.

ಕಳಿಸಬೇಕೆಂದು ತೆಗೆದ ವಿಡಿಯೋ ಅಲ್ಲ ಅದು. ಕೈಯಲ್ಲೊಂದು ಇರಲಿ, ಸಾರಿಕಾ ಬಾಯಿಬಿಟ್ಟರೆ ತಾನೂ ಬಿಡಬಹುದು, ಅಷ್ಟೇ.

ಒಳಗೆ ರಾಜನ ಮಂಚ, ರಾಣಿಯ ಬಂಗಾರದ ಬಾಚಣಿಗೆ, ಗೋಡೆಗೋಡೆಗೆ ಕನ್ನಡಿ. ಕನ್ನಡಿಯ ಕೋಣೆಯಲ್ಲಿ ನೂರು ಸಾರಿಕಾ ನಿಂತಿದ್ದರು, ನೂರೂ ಮಂದಿ ಎದೆಯ ಮೇಲೆ ಕೈಯಿಟ್ಟುಕೊಂಡು.

"ಸ್ವಪ್ನಾ, ನನಗ ಮುಚ್ಚಿಡೋದು ಆಗಂಗಿಲ್ಲ. ಊರಿಗಿ ಹೋದ ಕೂಡ್ಲೇ ಅಜ್ಜಗ ಎಲ್ಲಾ ಹೇಳಿಬಿಡ್ತೀನಿ. ಪರರ ಕೈ ಮುಟ್ಟ್ಯದ ಅಂತ ನನ್ನ ಬಾಯಿಲೇ ಹೇಳಿದ್ರ ಏನರ ಹಾದಿ ತೋರಸ್ತಾನ."

ಸ್ವಪ್ನಾಲಿಯ ಕಿವಿಗೆ ಬಿದ್ದದ್ದು 'ಎಲ್ಲಾ' ಎಂಬುದೊಂದೇ. ರಾಜನ ಪಟದ ಕೆಳಗೆ ನಿಂತು, 'ಆಯಿ, ಅಯ್ನೋರ ಮೊಮ್ಮಗಳ ಆಚಾರ ನೋಡು' ಎಂದು ಬರೆದು ವಿಡಿಯೋ ಕಳಿಸಿಬಿಟ್ಟಳು. ಮನೆಯಲ್ಲಿ ಎಲ್ಲರಿಗೂ ಚಂಪಾಬಾಯಿ ಆಯಿಯೇ.

ತೋಟದ ಕಲ್ಲುಬೆಂಚಿನ ಮೇಲೆ ಕುಳಿತಾಗ ಸಾರಿಕಾ ಚೀಲಕ್ಕೆ ಕೈಹಾಕಿ ಒಂದು ಪುಟ್ಟ ಗಂಟು ತೆಗೆದಳು. ಕಾವಿ ಬಟ್ಟೆಯಲ್ಲಿ ಹೊಲಿದ ಚೀಲ, ಅದಕ್ಕೆ ಕೈಯಲ್ಲಿ ಹೊಸೆದ ದಾರ.

"ತಗೋ. ನಮ್ಮ ಕಡಿ ಪೋರಿ ಒಬ್ಬಾಕಿ ಲಿಂಗ ಕಳಕೊಂಡಾಳ ಅಂತ ಅಜ್ಜಗ ಹೇಳಿದ್ದೆ. ಹೆಸರ ಹೇಳಿಲ್ಲ, ಅಜ್ಜನೂ ಕೇಳಲಿಲ್ಲ. ಹೊಸ ಲಿಂಗಕ್ಕ ತಾನೇ ಪೂಜಿ ಮಾಡಿ, ತನ್ನ ಹಳೀ ಶಾಲು ಹರದು ಹೊಲದು, ಓಂಪ್ರಕಾಶನ ಕೈಲಿ ಕಳಸ್ಯಾನ. ಆಕಿ ಊರಿಗಿ ಬಂದಾಗ ಕಿವಿಯಾಗ ಮಂತ್ರ ಹೇಳ್ತೀನಿ, ಅಲ್ಲೀತನ ಕಟಗೊಂಡಿರಲಿ ಅಂದಾನ. ಇವತ್ತ ಸೋಮವಾರ ಅದ. ಕಟಗೋ."

ಸ್ವಪ್ನಾಲಿ ಕೈಚಾಚಿದಳು. ಗಂಟನ್ನು ಮುಷ್ಟಿಯಲ್ಲಿ ಹಿಡಿದಳು. ಇನ್ನೊಂದು ಕೈಯಿಂದ ವಿಡಿಯೋ ಅಳಿಸಲು ಮೊಬೈಲು ತೆರೆದಳು. ಆಯಿ ಅದನ್ನು ಆಗಲೇ ನೋಡಿಯಾಗಿತ್ತು. ಅಷ್ಟರಲ್ಲಿ ಮೊಬೈಲು ರಿಂಗಾಯಿತು: ಆಯಿ.

ಅವಳು ಎದ್ದು ಕಾರಂಜಿಯ ಆಚೆ ಹೋದಳು.

"ನೋಡಿದೆ, ಸ್ವಪ್ನಾ. ನನಗೊಬ್ಬಾಕಿಗೇ ಸಾಲಲಿಲ್ಲ, ಅಯ್ನೋರಿಗೂ ತೋರಿಸಿದೆ. ಇಲ್ಲೇ ಪೂಜಿಗಿ ಬಂದಾರ," ಎಂದಳು ಚಂಪಾಬಾಯಿ. ನಿಲಂಗಾದ ಪಡಸಾಲೆ ಪರದೆಯ ಮೇಲೆ ಅಲುಗಾಡಿತು. "ಮುಂಜಾನೆ ಅವರ ಪಾದದ ನೀರ ಕುಡದು ಬಾಯಿ ಹೊಲಸ ಮಾಡಕೊಂಡೆ. ಉಳದದ್ದು ಅವರ ಮುಂದೇ ಗಟಾರದಾಗ ಚೆಲ್ಲಿದೆ. ಮನ್ಯಾನ ಪೋರಿಗಿ ಲಿಂಗದ ಬೆಲಿ ಕಲಸಲಾರದವರು ನಮಗೇನ ಕಲಸ್ತಾರ? ನಾಳಿಂದ ಈ ಹೊಸ್ತಿಲ ತುಳಿಬ್ಯಾಡ್ರಿ ಅಂದೆ."

ಅವಳ ಹಿಂದೆ ಸಿದ್ಧಯ್ಯ ಕಂಬ ಹಿಡಿದು ಏಳುತ್ತಿದ್ದರು. ಅವರ ಮುಂದಿದ್ದ ಊಟದ ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಹೆಗಲ ಮೇಲೆ ಕಾವಿ ಶಾಲು. ಅದರ ಒಂದು ಅಂಚು ಹರಿದಿತ್ತು.

"ನೀ ನನ್ನ ಬಂಗಾರ. ಎಲ್ಲಿ, ನಿಂದು ತೋರಸು. ಕಣ್ಣಿಗಿ ಒತಗೋತೀನಿ."

ಸ್ವಪ್ನಾಲಿ ಕಾರಂಜಿಯಾಚೆಯ ಬೆಂಚಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಕಾವಿಯ ಗಂಟನ್ನು ಎತ್ತಿ ಮೊಬೈಲಿನ ಮುಂದೆ ಹಿಡಿದಳು.

ಚಂಪಾಬಾಯಿ ಮೊಬೈಲನ್ನು ಕಣ್ಣಿಗೊತ್ತಿಕೊಂಡಳು. ಮುದುಕನ ಕಡೆಗೂ ತಿರುಗಿಸಿದಳು. "ನೋಡ್ರಿ ಅಯ್ನೋರೇ, ಹಿಂಗ ಇಟಗೋಬೇಕು. ಹೊರದೇಶದಾಗಿದ್ರೂ!"

ಸಿದ್ಧಯ್ಯ ನೋಡಿದರು. ತಮ್ಮ ಶಾಲಿನ ತುಂಡು, ತಾವು ಹೊಸೆದ ದಾರ, ತಾವು ಹಾಕಿದ ಗಂಟು. ಅಲ್ಲಿಂದ ಕಣ್ಣೆತ್ತಿ ಸ್ವಪ್ನಾಲಿಯ ಮುಖವನ್ನು ನೋಡಿದರು. ಅವರೊಂದು ಮಾತು ಆಡಿದ್ದರೆ ಸಾಕಿತ್ತು. ಅವರು ಎರಡೂ ಕೈ ಜೋಡಿಸಿ ಲಿಂಗಕ್ಕೆ ತಲೆಬಾಗಿದರು.

"ಛಂದ ಜ್ವಾಪಾನ ಮಾಡವ್ವ," ಎಂದರು.

ಹೊಸ್ತಿಲು ದಾಟುವಾಗ ಊರುಗೋಲನ್ನು ಅಲ್ಲೇ ಬಿಟ್ಟು ಹೋದರು. ಚಂಪಾಬಾಯಿ ಅದನ್ನು ಕಾಲಿನಿಂದ ಅಂಗಳಕ್ಕೆ ನೂಕಿದಳು.

ಸ್ವಪ್ನಾಲಿ ದಾರವನ್ನು ಕೊರಳಿಗೆ ಹಾಕಿಕೊಂಡು ಬೆಂಚಿಗೆ ಮರಳಿದಳು. ಸಾರಿಕಾಳ ಮುಖ ಅರಳಿತು.

"ಏನಂದ್ರು ಆಯಿ? ನಮ್ಮ ಅಜ್ಜ ಬಂದಿದ್ನೇನು ಪೂಜಿಗಿ?"

"ಕಾಣಲಿಲ್ಲ. ಅರಮನಿ ಭಾಳ ಛಂದ ಅದ ಅಂದ್ರು."

ಮೊಬೈಲನ್ನು ಸಾರಿಕಾಳ ಕೈಗಿತ್ತು ಮೆಟ್ಟಿಲ ಮೇಲೆ ನಿಂತಳು. "ನಂದೊಂದು ಫೋಟೋ ಹೊಡಿ. ಶಿವದಾರ ಕಾಣಬೇಕು, ಆಯಿಗಿ ಕಳಸೋದದ."

ಸಾರಿಕಾ ಹಿಂದೆ ಹಿಂದೆ ಸರಿದು, ಅರಮನೆಯೂ ದಾರವೂ ಎರಡೂ ಹಿಡಿಯುವ ತನಕ ಬಗ್ಗಿ ನೋಡಿದಳು.

"ಸ್ವಲ್ಪ ನಗು," ಅಂದಳು.

ಸ್ವಪ್ನಾಲಿ ನಕ್ಕಳು.