ಹಸಿ ಇಟ್ಟಿಗೆ ಒಣಗುವ ಕಾಲ

ಆ ಸೀಮೆಯಲ್ಲಿ ಚಳಿಗಾಲ ಎನ್ನುವುದು ಹೆಸರಿಗಷ್ಟೇ. ವರ್ಷವೆಲ್ಲ ಸೆಕೆ, ಸೆಕೆಯ ಬೆನ್ನಿಗೆ ಮಳೆ. ದೊಡ್ಡ ಮಳೆ ಹಿಡಿದರೆ ಗೋಡೆಗೆ ಬೂಷ್ಟು ಬರುತ್ತದೆ, ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಮಾತ್ರ ಉದುರುತ್ತದೆ. ಅದು ಬಿಟ್ಟಿತು ಅನ್ನುವಷ್ಟರಲ್ಲಿ ಸಂಜೆಮಳೆಯ ಕಾಲ. ಬೆಳಿಗ್ಗೆ ನೆತ್ತಿ ಸುಡುವ ಬಿಸಿಲು, ಮಧ್ಯಾಹ್ನ ಎಲೆ ಅಲ್ಲಾಡದ ಧಗೆ, ಸಂಜೆಗೆ ಗುಡುಗು. ಇವೆರಡೂ ಮುಗಿದ ಮೇಲೆ ಸಿಗುವುದು ಕೆಲವೇ ಒಣ ತಿಂಗಳು. ಅದರಲ್ಲೂ ಹೇಳದೆ ಕೇಳದೆ ಒಂದೊಂದು ಮಳೆ ಬಂದು ಹೋಗುತ್ತದೆ.

ಹಳ್ಳದ ಪಕ್ಕದ ಇಟ್ಟಿಗೆ ಕಣದವರು ಬದುಕುತ್ತಿದ್ದುದು ಆ ಒಣ ತಿಂಗಳುಗಳಲ್ಲಿ. ಮಗ ಮಣ್ಣು ತುಳಿದು ಹದ ಮಾಡುತ್ತಿದ್ದ. ಸೊಸೆ ಅಚ್ಚಿಗೆ ಮಣ್ಣು ಒತ್ತಿ, ಮೇಲೆ ಸವರಿ, ನೆಲದ ಮೇಲೆ ಸಾಲಾಗಿ ಕವುಚುತ್ತಿದ್ದಳು. ಹಸಿ ಇಟ್ಟಿಗೆ ಬಿಸಿಲಲ್ಲಿ ಚೆನ್ನಾಗಿ ಒಣಗಿದ ಮೇಲೇ ಸುಡಲು ಗೂಡಿಗೆ ಹೋಗಬೇಕು. ಅಲ್ಲಿಯವರೆಗೆ ಅದು ಇಟ್ಟಿಗೆಯಲ್ಲ, ಇಟ್ಟಿಗೆಯ ಆಕಾರದ ಕೆಸರು. ಒಂದು ಜೋರು ಮಳೆ ಸಾಕು, ವಾರದ ಬೆವರೆಲ್ಲ ಕರಗಿ ಹಳ್ಳ ಸೇರಲು.

ಮಳೆ ಬರುತ್ತದೋ ಇಲ್ಲವೋ ಹೇಳುವುದು ಮಾವನ ಕೆಲಸ. ಊಟವಾದ ಮೇಲೆ ಆತ ಕಣದ ಏರಿಯ ಮೇಲೆ ನಿಂತು, ಪಡುವಣದ ಗಾಳಿಗೆ ಮುಖ ಕೊಟ್ಟು, ಎರಡು ಸಲ ಮೂಗು ಎಳೆದು, "ಹೊದಿಸಿ" ಅಥವಾ "ಬಿಡಿ" ಅನ್ನುತ್ತಿದ್ದ. ದೂರದಲ್ಲಿ ಎಲ್ಲೋ ಒದ್ದೆಯಾದ ಮಣ್ಣಿನ ವಾಸನೆ ಆತನಿಗೆ ಮಳೆಗಿಂತ ಮೊದಲೇ ತಲುಪುತ್ತಿತ್ತು. ಹೊದಿಸಿ ಅಂದರೆ ಎಲ್ಲರೂ ಟಾರ್ಪಾಲು ಎಳೆದುಕೊಂಡು ಓಡಬೇಕು. ಸುಮ್ಮಸುಮ್ಮನೆ ಹೊದಿಸುವಂತೆಯೂ ಇರಲಿಲ್ಲ. ಟಾರ್ಪಾಲಿನ ಕೆಳಗೆ ಇಟ್ಟಿಗೆ ಬೆವರಿ, ಒಣಗುವುದು ಬಿಟ್ಟು ಬಿರುಕು ಬಿಡುತ್ತಿತ್ತು. ಸುತ್ತಲಿನ ಕಣದವರೂ ಆತನನ್ನು ಮಳೆಮಾವ ಎಂದೇ ಕರೆಯುತ್ತಿದ್ದರು.

ಆ ವರ್ಷ ಯಾಕೋ ಆತನ ಮಾತು ಹುಸಿಯಾಗತೊಡಗಿತು. ಹೊದಿಸಿ ಅಂದ ದಿನ ಬಿಸಿಲು ಕಾಯಿತು. ಬಿಡಿ ಅಂದ ದಿನ ತುಂತುರು ಬಿತ್ತು; ಹೆಚ್ಚು ಹಾಳಾಗಲಿಲ್ಲ, ಅಷ್ಟೇ.

"ಅಪ್ಪ, ನಿಮ್ಮ ಮೂಗಿಗೆ ರಜಾ ಕೊಟ್ಟಿದ್ದೀರಾ ಹೇಗೆ?" ಎಂದು ಮಗ ನಕ್ಕ.

"ಗಾಳಿ ದಿಕ್ಕು ಬದಲಾಗಿದೆ ಕಣೋ," ಎಂದ ಮಾವ. ಆತ ನಗಲಿಲ್ಲ.

ಸೊಸೆಗೆ ವಿಷಯ ತಿಳಿದದ್ದು ಅಡುಗೆಮನೆಯಲ್ಲಿ. ಒಲೆಯ ಮೇಲೆ ಹಾಲಿಟ್ಟು, ನೋಡಿಕೊಳ್ಳಿ ಎಂದು ಮಾವನಿಗೆ ಹೇಳಿ ಹಿತ್ತಲಿಗೆ ಹೋಗಿದ್ದಳು. ಬಟ್ಟೆ ಹಿಂಡುತ್ತಿದ್ದಾಗಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಓಡಿ ಬಂದು ನೋಡಿದರೆ ಪಾತ್ರೆಯ ತಳ ಕಪ್ಪಗಾಗಿತ್ತು. ಮಾವ ಒಲೆಗೆ ಬೆನ್ನು ಹಾಕಿ, ಮಾರು ದೂರದಲ್ಲಿ ಕೂತು, ನೆಮ್ಮದಿಯಾಗಿ ಹಗ್ಗದ ಸಿಕ್ಕು ಬಿಡಿಸುತ್ತಿದ್ದ.

"ಮಾವ, ಹಾಲು!"

ಆತ ತಿರುಗಿ ಹೊಗೆ ನೋಡಿದ. ಆಮೇಲೆ ಅವಳ ಮುಖ ನೋಡಿದ. ಹಗ್ಗ ಕೈಯಿಂದ ಜಾರಿತು.

"ವಾಸನೆ ಬರಲಿಲ್ವಾ ನಿಮಗೆ?"

"ಹೋದ ಮಳೆಗಾಲದಲ್ಲಿ ಜ್ವರ ಬಂದಿತ್ತಲ್ಲಮ್ಮ," ಎಂದ ಮಾವ ಮೆಲ್ಲಗೆ. "ಜ್ವರ ಬಿಡ್ತು. ಇದು ವಾಪಸ್ ಬರಲಿಲ್ಲ. ಬರುತ್ತೆ ಬರುತ್ತೆ ಅಂತ ಕಾದೆ."

"ಮತ್ತೆ ದಿನಾ ಏರಿ ಮೇಲೆ ನಿಂತು ಹೇಳ್ತಿದ್ದದ್ದು?"

"ಅಂದಾಜು." ಆತ ಹಗ್ಗವನ್ನು ಮತ್ತೆ ಎತ್ತಿಕೊಂಡ. "ಅವನಿಗೆ ಹೇಳಬೇಡ."

ಅವಳು ಹೇಳಲಿಲ್ಲ. ಪಾತ್ರೆಯನ್ನು ಬೂದಿ ಹಾಕಿ ಉಜ್ಜಿದಳು. ಮರುದಿನದಿಂದ ತಾನೇ ಆಕಾಶ ನೋಡತೊಡಗಿದಳು. ಮೋಡದ ಬಣ್ಣ, ಇರುವೆಗಳ ಓಡಾಟ, ಸೆಕೆ ಅಂಟುವ ಬಗೆ, ಇಷ್ಟರಲ್ಲೇ ಏನೋ ಒಂದು ಲೆಕ್ಕ ಹಾಕುತ್ತಿದ್ದಳು. ಮಾವ ಏರಿ ಹತ್ತುವ ಮುಂಚೆ ನೀರಿನ ಚೊಂಬು ಕೊಡುವ ನೆಪದಲ್ಲಿ, "ಇವತ್ತು ಬರೋ ಹಾಗಿದೆ" ಎಂದೋ "ಏನೂ ಇಲ್ಲ ಅನ್ಸುತ್ತೆ" ಎಂದೋ ಪಿಸುಗುಡುತ್ತಿದ್ದಳು. ಆತ ಹೋಗಿ, ಮೂಗು ಎಳೆದು, ಅದನ್ನೇ ಗಟ್ಟಿಯಾಗಿ ಹೇಳುತ್ತಿದ್ದ. ಕೆಲವು ದಿನ ಸರಿ ಹೋಯಿತು. ಮಗ, "ಈಗ ಸರಿಯಾಯ್ತು ನೋಡು" ಎಂದ. ಅವತ್ತು ಮಾವ ಎರಡು ತುತ್ತು ಹೆಚ್ಚಿಗೆ ಉಂಡ. ಸೊಸೆಗೆ ಗಂಡನ ಮುಖ ನೋಡಲು ಸ್ವಲ್ಪ ಕಷ್ಟವಾಯಿತು, ಆದರೆ ಖುಷಿಯೂ ಆಯಿತು.

ಗೂಡು ಕಟ್ಟುವ ಹಿಂದಿನ ದಿನ ಕಣದ ತುಂಬ ಇಟ್ಟಿಗೆ ಹರಡಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. "ಏನೂ ಇಲ್ಲ," ಎಂದಳು ಸೊಸೆ. "ಬಿಡಿ," ಎಂದ ಮಾವ. ಗಂಡ ಹೆಂಡತಿ ಇಬ್ಬರೂ ಸೌದೆ ತರಲು ಗುಡ್ಡದ ಆಚೆ ಹೋದರು. ಮೋಡ ಬಂದದ್ದು ಎಂದಿನಂತೆ ಪಡುವಣದಿಂದಲ್ಲ, ಗುಡ್ಡದ ಬೆನ್ನ ಹಿಂದಿನಿಂದ. ಸೌದೆ ಹೊರೆ ಎಸೆದು ಅವರು ಓಡಿ ಬರುವಷ್ಟರಲ್ಲಿ ಮಳೆ ಅವರಿಗಿಂತ ಮುಂದೆ ಹೋಗಿತ್ತು.

ಮಾವ ಒಬ್ಬನೇ ಟಾರ್ಪಾಲು ಎಳೆಯುತ್ತಿದ್ದ. ಗಾಳಿ ಒಂದು ಮೂಲೆಯನ್ನು ಕಿತ್ತುಕೊಂಡರೆ ಆತ ಇನ್ನೊಂದು ಮೂಲೆಯ ಮೇಲೆ ಕೂತಿದ್ದ. ಮೂವರೂ ಸೇರಿ ಹೊದಿಸುವ ಹೊತ್ತಿಗೆ ಹೊದಿಸಲು ಹೆಚ್ಚೇನೂ ಉಳಿದಿರಲಿಲ್ಲ. ಸಾಲುಗಳು ಅಂಚು ಕಳೆದುಕೊಂಡು, ಉಬ್ಬಿ, ಒಂದಕ್ಕೊಂದು ಒರಗಿ, ಕೊನೆಗೆ ಒಂದೇ ಮುದ್ದೆಯಾದವು. ಮಳೆ ನಿಂತ ತಕ್ಷಣ ಬಿಸಿಲು ಬಂತು. ನೆಲದಿಂದ ಹಬೆ ಏಳತೊಡಗಿತು.

"ನಿಮ್ಮ ಮಾತು ಕೇಳಿದ್ದಕ್ಕೆ ಸರಿಯಾಯ್ತು," ಎಂದ ಮಗ, ಹಲ್ಲು ಕಚ್ಚಿಕೊಂಡು.

"ಅವರನ್ನ ಯಾಕೆ ಬೈತೀರಿ? ಹೇಳಿದ್ದು ನಾನು," ಎಂದಳು ಸೊಸೆ.

"ನೀನ್ಯಾಕೆ ಹೇಳ್ತೀಯ?"

ಅವಳು ಬಾಯಿ ತೆರೆಯುವ ಮೊದಲೇ ಮಾವ ಅಡ್ಡ ಬಂದ. "ನನಗೆ ವಾಸನೆ ಹೋಗಿ ವರ್ಷ ಆಗ್ತಾ ಬಂತು. ನನ್ನ ಮರ್ಯಾದೆ ಉಳಿಸೋಕೆ ಆ ಹುಡುಗಿ ಒದ್ದಾಡ್ತಾ ಇತ್ತು."

ಮಗ ಇಬ್ಬರನ್ನೂ ನೋಡಿದ. "ಮನೇಲಿ ನಾನೊಬ್ಬನೇ ಹೊರಗಿನವನು ಅಂತಾಯ್ತು," ಎಂದು ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಇಟ್ಟಿಗೆ ಹೋದದ್ದಕ್ಕಿಂತ ಅದೇ ಅವನಿಗೆ ಹೆಚ್ಚು ತಾಗಿದಂತಿತ್ತು. ಆಮೇಲೆ ಕೆಲವು ದಿನ ಅವನು ಅಪ್ಪನೊಂದಿಗೆ ನೇರವಾಗಿ ಮಾತಾಡಲಿಲ್ಲ. "ಊಟಕ್ಕೆ ಕರಿ" ಎಂದು ಹೆಂಡತಿಗೆ ಹೇಳುತ್ತಿದ್ದ. ಅಪ್ಪನಿಗೆ ಅದು ಕೇಳಿಸುತ್ತಿತ್ತು.

ಸುಡದ ಇಟ್ಟಿಗೆಯಿಂದ ಒಂದು ಅನುಕೂಲ: ಮಣ್ಣು ಎಲ್ಲಿಗೂ ಹೋಗಿರುವುದಿಲ್ಲ. ಹಳ್ಳಕ್ಕೆ ಹರಿದದ್ದು ಬಿಟ್ಟು ಮಿಕ್ಕಿದ್ದನ್ನು ಸಲಿಕೆಯಿಂದ ಕೆರೆದು ಗುಂಡಿಗೆ ತುಂಬಿದರು. ಮಗ ತುಳಿಯಲು ಇಳಿದ. ಸ್ವಲ್ಪ ಹೊತ್ತಿಗೆ ಮಾವ ಪಂಚೆ ಎತ್ತಿ ಕಟ್ಟಿಕೊಂಡು ಇನ್ನೊಂದು ತುದಿಯಿಂದ ಇಳಿದ. ಮಂಡಿಯವರೆಗೆ ಕೆಸರಲ್ಲಿ ಇಬ್ಬರೂ ಎದುರುಬದುರಾಗಿ ತುಳಿಯುತ್ತಿದ್ದರು.

"ಜಾರುತ್ತೆ, ಅಂಚಿಗೆ ಬನ್ನಿ," ಎಂದ ಮಗ ಕೊನೆಗೆ.

"ನಿನಗೆ ತುಳಿಯೋಕೆ ಕಲಿಸಿದ್ದು ಯಾರು?" ಎಂದ ಮಾವ, ಮತ್ತು ಅಂಚಿಗೆ ಬಂದ.

ಆ ವರ್ಷ ಗೂಡು ಸಣ್ಣದಾಯಿತು. ಇಟ್ಟಿಗೆಯ ಬಣ್ಣ ಚೆನ್ನಾಗಿಯೇ ಬಂತು. ಮಗ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿ, ಕಣದ ಅರ್ಧಕ್ಕೆ ನೆರಳು ಮಾಡಿದ. ಅಲ್ಲಿ ಇಟ್ಟಿಗೆ ನಿಧಾನವಾಗಿ ಒಣಗುತ್ತಿತ್ತು, ಆದರೆ ಒಣಗುತ್ತಿತ್ತು. ಉಳಿದ ಅರ್ಧಕ್ಕೆ ಯಾರಿಗೆ ಅನುಮಾನ ಬಂದರೂ ಟಾರ್ಪಾಲು ಎಳೆಯುವುದೆಂದು ಮಾತಾಯಿತು. ಎಷ್ಟೋ ಸಲ ದಂಡಕ್ಕೆ ಎಳೆದರು. ಒಮ್ಮೆ ತಡವಾಗಿ ಎಳೆದು ಎರಡು ಸಾಲು ಕಳೆದುಕೊಂಡರು. ಯಾರೂ ಯಾರನ್ನೂ ಬೈಯಲಿಲ್ಲ.

ಮಾವನಿಗೆ ಊಟದ ನಂತರ ಈಗ ಯಾವ ಕೆಲಸವೂ ಇರಲಿಲ್ಲ. ಮೊದಲಿಗೆ ಏನು ಮಾಡಬೇಕೆಂದು ತೋಚದೆ ಅಂಗಳದಲ್ಲಿ ಸುತ್ತಾಡಿದ. ಆಮೇಲೆ ತಗಡಿನ ನೆರಳಲ್ಲಿ ಚಾಪೆ ಹಾಸಿಕೊಂಡು ಮಲಗಲು ಶುರುಮಾಡಿದ. ಒಂದು ಮಧ್ಯಾಹ್ನ ಹನಿ ಬೀಳತೊಡಗಿ ಸೊಸೆ ಓಡಿ ಬಂದಾಗ ಆತ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸೋಣವೇ ಎಂದು ಅವಳು ಗಂಡನ ಕಡೆ ನೋಡಿದಳು.

"ಬೇಡ, ಮಲಗಿರಲಿ," ಎಂದು ಅವನು ಟಾರ್ಪಾಲಿನ ಆ ತುದಿ ಹಿಡಿದ.